ದಲ್ಲಾಳಿಗಳು ಬರಬಾರದು

ಬೋರ್ಡು ಬರೆದವಳು ನಾನೇ. ಒಂದು ತಗಡಿಗೆ ಬಿಳಿ ಪೇಂಟು ಬಳಿದು, ಅದರ ಮೇಲೆ ನೀಲಿ ಪೇಂಟಿನಲ್ಲಿ, ಕರಿಹಲಗೆಯ ಮೇಲೆ ಬರೆಯುವಂಥ ಗುಂಡನೆಯ ಅಕ್ಷರದಲ್ಲಿ ಬರೆದೆ: ‘ಈ ಮನೆ ಮಾರಾಟಕ್ಕಿದೆ. ನೇರವಾಗಿ ಬಂದು ವಿಚಾರಿಸಿ. ದಲ್ಲಾಳಿಗಳು ಬರಬಾರದು.’ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿ, ಬೀದಿಗಿಳಿದು ನಿಂತು ನೋಡಿದೆ. ಸಾಲು ಒಂದಿಷ್ಟೂ ಸೊಟ್ಟಗಾಗಿರಲಿಲ್ಲ.

ಅಪ್ಪ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದ. ಅವನಿಗೆ ಓದಲು ಬರುವುದಿಲ್ಲ.

“ಏನಂತ ಬರ್ದಿ, ಓದವ್ವ,” ಅಂದ.

ಮೊದಲ ಎರಡು ಸಾಲು ಗಟ್ಟಿಯಾಗಿ ಓದಿದೆ. ಮೂರನೆಯದಕ್ಕೆ ಬಂದಾಗ ನನ್ನ ದನಿ ತಾನಾಗಿಯೇ ಇಳಿಯಿತು. ಅಪ್ಪ ಎಲೆ ಮಡಚಿ ಬಾಯಿಗಿಟ್ಟುಕೊಂಡು ಬೋರ್ಡನ್ನು ಇನ್ನೊಮ್ಮೆ ನೋಡಿದ.

“ಹಂಗಾದ್ರ ಇವತ್ತು ನಾ ಎಲ್ಲಿ ಮಲಗ್ಲೆವ್ವ?” ಅಂದ.

ಯಾಕೆಂದರೆ ನಮ್ಮಪ್ಪ ಏಕಾಂತಪ್ಪ ಹಗರಿಬೊಮ್ಮನಹಳ್ಳಿಗೆಲ್ಲ ಹಳೆಯ ದಲ್ಲಾಳಿ. ಮನೆ, ಸೈಟಿನ ದಲ್ಲಾಳಿಯಲ್ಲ, ದನದ ದಲ್ಲಾಳಿ. ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ, ಯಾವ ಕಡೆ ದನದ ಸಂತೆ ಕೂಡಿದರೂ ಅಪ್ಪ ಅಲ್ಲಿರುತ್ತಿದ್ದ. ಮಾರುವವನ ಕೈ ಒಂದು ಸಲ, ಕೊಳ್ಳುವವನ ಕೈ ಒಂದು ಸಲ, ತನ್ನ ಟವಲ್ಲಿನ ಕೆಳಗೆ ಹಿಡಿದು ಬೆರಳಿನಲ್ಲೇ ಬೆಲೆ ಕುದುರಿಸುತ್ತಿದ್ದ. ಒಂದು ಬೆರಳು ಹಿಡಿದರೆ ಒಂದು, ನಾಲ್ಕು ಹಿಡಿದರೆ ನಾಲ್ಕು, ಬೆರಳಿನ ಗೆಣ್ಣು ಒತ್ತಿದರೆ ಅರ್ಧ. ಸುತ್ತ ನಿಂತವರಿಗೆ ಟವಲ್ಲು ಅಲುಗಾಡುವುದಷ್ಟೇ ಕಾಣುತ್ತಿತ್ತು. ನಲವತ್ತು ವರ್ಷದ ಕಸುಬಿನಲ್ಲಿ ಅಪ್ಪನ ಬಾಯಿಂದ ಒಂದು ಎತ್ತಿನ ಬೆಲೆಯನ್ನೂ ಯಾರೂ ಕೇಳಿಲ್ಲ.

ನಾನು ಎಣಿಕೆ ಕಲಿತದ್ದು ಸ್ಕೂಲಿನಲ್ಲಲ್ಲ, ಆ ಟವಲ್ಲಿನ ಕೆಳಗೆ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುವಾಗ ಅಪ್ಪ ನನ್ನನ್ನು ಎದುರಿಗೆ ಕೂರಿಸಿಕೊಂಡು, ಕೈಯ ಮೇಲೆ ಟವಲ್ಲು ಹಾಸಿ, ಬೆರಳು ಹಿಡಿದು, “ಎಷ್ಟಾತು?” ಎಂದು ಕೇಳುತ್ತಿದ್ದ. ಮೂರೂವರೆ, ನಾಲ್ಕು, ಎರಡೂವರೆ ಎಂದು ನಾನು ಕೂಗುತ್ತಿದ್ದೆ. “ಬಾಯಾಗ ಬ್ಯಾಡ, ಕೈಯಾಗ ಹೇಳು,” ಅನ್ನುತ್ತಿದ್ದ. ಆ ಟವಲ್ಲಿಗೆ ಹೊಗೆಸೊಪ್ಪಿನ, ಬೆವರಿನ, ದನದ ಮೈಯ ವಾಸನೆ. ಇವತ್ತಿಗೂ ಎಲ್ಲಾದರೂ ಎತ್ತಿನ ಗಾಡಿ ಪಕ್ಕದಲ್ಲಿ ಹಾದುಹೋದರೆ ನನ್ನ ಬೆರಳು ತಾವಾಗಿಯೇ ಮಡಚಿಕೊಳ್ಳುತ್ತವೆ.

ಆಟದ ನಡುವೆಯೇ ಅಪ್ಪ ಕಸುಬಿನ ಪಾಠವನ್ನೂ ಹೇಳುತ್ತಿದ್ದ. ಅದರಲ್ಲಿ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ. “ಕೊಡಾವನ ಕೈ ನಡುಗಿದ್ರ ವ್ಯಾಪಾರ ಮುರೀಬೇಕವ್ವ. ಅವನ ಮನಸು ಇನ್ನಾ ಎತ್ತಿನ ಕೂಡ ಐತಿ ಅಂತ ತಿಳೀಬೇಕು. ಅಂಥಾವನ ಕೈಲೆ ಕೊಡಿಸಿ ದಲ್ಲಾಳಿ ರೊಕ್ಕ ತಗಂಡ್ರ ಉಂಡ ಅನ್ನ ಮೈಗೆ ಹತ್ತಂಗಿಲ್ಲ.”

ನಮ್ಮದು ಮಾಳಿಗೆ ಮನೆ. ಬಾಗಿಲು ದಾಟಿದರೆ ತಗ್ಗಿನಲ್ಲಿ ದನ ಕಟ್ಟುವ ಜಾಗ, ಮೇವು ಹಾಕುವ ಕಲ್ಲಿನ ಗೋದಲಿ. ಮೂರು ಮೆಟ್ಟಿಲು ಹತ್ತಿದರೆ ನಾವಿರುವ ಪಡಸಾಲೆ. ಸಂತೆಯಲ್ಲಿ ಕೈ ಬದಲಾದ ಎತ್ತುಗಳು ದೂರದ ಊರಿಗೆ ಹೋಗುವವಾದರೆ ಒಂದು ದಿನ ನಮ್ಮಲ್ಲಿ ತಂಗಿ ಹೋಗುತ್ತಿದ್ದವು. ಅವ್ವ ಅವಕ್ಕೆ ನೆಂಟರಿಗೆ ಮಾಡುವಷ್ಟೇ ಉಪಚಾರ ಮಾಡುತ್ತಿದ್ದಳು. ಎಷ್ಟು ಎತ್ತುಗಳ ಹೆಸರು ನನಗೆ ಬಾಯಿಪಾಠವಾಗಿದ್ದವೋ ಅಷ್ಟು ನೆಂಟರ ಹೆಸರು ಬರುತ್ತಿರಲಿಲ್ಲ.

ಐದನೇ ಕ್ಲಾಸಿನಲ್ಲಿ ಮಾಸ್ತರು ಒಬ್ಬೊಬ್ಬರ ತಂದೆಯ ಕಸುಬು ಕೇಳಿದರು. ನಾನು ಎದ್ದು ನಿಂತು ಹೆಮ್ಮೆಯಿಂದಲೇ ಹೇಳಿದೆ. ಹಿಂದಿನ ಸಾಲಿನಿಂದ ಯಾವಳೋ, “ಎರಡೂ ಕಡಿ ತಿನ್ನಾವ,” ಅಂದಳು. ಕ್ಲಾಸಿಗೆ ಕ್ಲಾಸೇ ನಕ್ಕಿತು, ಮಾಸ್ತರೂ ನಕ್ಕರು. ಅವತ್ತು ಸಂಜೆ ಅಪ್ಪ ಟವಲ್ಲು ಹಾಸಿದಾಗ ನಾನು ಕೈ ಬಿಡಿಸಿಕೊಂಡು ಎದ್ದೆ. “ಇನ್ಮ್ಯಾಲೆ ನಾ ಆಡಂಗಿಲ್ಲ,” ಅಂದೆ. ಅಪ್ಪ ಯಾಕೆಂದು ಕೇಳಲಿಲ್ಲ, ಮತ್ತೆಂದೂ ಕರೆಯಲೂ ಇಲ್ಲ. ಮುಂದೆ ನಾನು ಟೀಚರಾದ ಮೇಲೆ ಎಲ್ಲ ಅರ್ಜಿಗಳಲ್ಲೂ ತಂದೆಯ ಉದ್ಯೋಗ ‘ವ್ಯವಸಾಯ’ ಎಂದು ಬರೆದೆ. ನಮಗೆ ಒಂದು ಗೇಣು ಹೊಲವೂ ಇರಲಿಲ್ಲ.

ಇದೆಲ್ಲ ಹಳೆಯ ಮಾತು. ಬೋರ್ಡು ಹಾಕಿದ್ದು ತೊಂಬತ್ತೊಂಬತ್ತನೇ ಇಸವಿಯಲ್ಲಿ. ಅವ್ವ ತೀರಿಕೊಂಡು ಆರು ವರ್ಷವಾಗಿತ್ತು. ಮದುವೆ ಬೇಡವೆಂದವಳು ನಾನೇ, ಹಾಗಾಗಿ ಮನೆಯಲ್ಲಿ ಅಪ್ಪ ಮತ್ತು ನಾನು ಇಬ್ಬರೇ. ನನಗೆ ಕೂಡ್ಲಿಗಿಯ ಸ್ಕೂಲಿಗೆ ವರ್ಗವಾಗಿ ನಾಲ್ಕು ವರ್ಷ. ದಿನಾ ಬೆಳಿಗ್ಗೆ ಬಸ್ಸಿಗೆ ಓಡುವುದು, ಸಂಜೆ ಜೋತುಬಿದ್ದು ಬರುವುದು, ನಡುವೆ ಎರಡೆರಡು ಸಲ ಬಸ್ಸು ಕೆಡುವುದು. ಮೊಣಕಾಲು ಹಿಡಿದುಕೊಂಡಿತ್ತು. ಕೂಡ್ಲಿಗಿಯಲ್ಲಿ ಸ್ಕೂಲಿನ ಹಿಂದೆಯೇ ಎರಡು ಕೋಣೆಯ ಮನೆ ಸಿಕ್ಕಿತು, ಮುಂಗಡ ಕೊಟ್ಟೆ. ಯುಗಾದಿಯೊಳಗೆ ಉಳಿದದ್ದು ಕೊಡದಿದ್ದರೆ ಮುಂಗಡವೂ ಹೋಯಿತು, ಮನೆಯೂ ಹೋಯಿತು. ಕೊಡಬೇಕಾದರೆ ಈ ಮನೆ ಮಾರಬೇಕು.

ಅಪ್ಪನಿಗೆ ಹೇಳಲು ನಾನು ಎಂಟು ದಿನ ಮಾತು ಕೂಡಿಸಿಕೊಂಡಿದ್ದೆ. ಅವನು ಒಂದೇ ಮಾತಿನಲ್ಲಿ ಮುಗಿಸಿದ. “ನಿನ್ನ ನೌಕರಿ ಎಲ್ಲೈತೋ ನಾ ಅಲ್ಲಿ. ಸಂತಿಗೆ ಈಗ ಯಾರು ಬರತಾರ? ಎಲ್ಲಾರೂ ಟ್ರ್ಯಾಕ್ಟರ್ ತಗಂಡಾರ. ಟ್ರ್ಯಾಕ್ಟರಿಗೆ ಹಲ್ಲು ನೋಡಾಕಾಗತೈತೇನು?”

ಊರಲ್ಲಿ ಆಗ ಮನೆ ದಲ್ಲಾಳಿಗಳು ಹುಟ್ಟಿಕೊಂಡಿದ್ದರು. ಹುಲುಗಣ್ಣ ಎನ್ನುವವ ಲೂನಾ ಮೇಲೆ ತಿರುಗುತ್ತಿದ್ದ. ಮಾರುವವರಿಂದ ನೂರಕ್ಕೆ ಎರಡು, ಕೊಳ್ಳುವವರಿಂದ ಎರಡು. ಎರಡೂ ಕಡೆ. ಅದನ್ನು ಕೇಳಿದ ಕೂಡಲೇ ನನಗೆ ಐದನೇ ಕ್ಲಾಸು ನೆನಪಾಗಿ ಮೈ ಉರಿಯಿತು. ನಮ್ಮ ಮನೆ, ನಮ್ಮ ಬಾಯಿ, ನಡುವೆ ಇವನ್ಯಾಕೆ ಎಂದು ಆ ಬೋರ್ಡು ಬರೆದೆ.

ಮೊದಲು ಬಂದವರು ಗೊಬ್ಬರದ ಅಂಗಡಿಯವರು. ಗೋಡೆಯನ್ನೆಲ್ಲ ಬೆರಳಿನಿಂದ ಕುಟ್ಟಿ ಕುಟ್ಟಿ ನೋಡಿದರು. ಪಡಸಾಲೆಯಲ್ಲಿ ಕೂರಿಸಿ ಚಹಾ ಕೊಟ್ಟು, ಬೆಲೆ ಇಷ್ಟು ಎಂದು ಸ್ಪಷ್ಟವಾಗಿ ಹೇಳಿದೆ. ಹೇಳಿದ್ದೇ ತಡ, ಅಪ್ಪ ಎದ್ದು ಟವಲ್ಲು ಕೊಡವಿ ಹೊರಗೆ ನಡೆದುಬಿಟ್ಟ. ಗೊಬ್ಬರದ ಅಂಗಡಿಯವರು ಚಹಾದ ಬಟ್ಟಲು ಕೆಳಗಿಟ್ಟು, “ಹಿರ್ಯಾರಿಗೆ ಮನಸಿಲ್ಲ ಕಾಣತೈತಿ. ಅಂಥಾ ಮನಿ ನಮಗ ಬ್ಯಾಡ್ರಿ,” ಎಂದು ಹೋದರು. ಇನ್ನೂ ಇಬ್ಬರು ಬಂದರು, ಇದೇ ಕತೆ. ಬೆಲೆಯ ಮಾತು ಬಂದ ಕೂಡಲೇ ಅಪ್ಪ ಎದ್ದು ಹೋಗುತ್ತಿದ್ದ, ಅವರು ಹಿಂದೆಯೇ ಹೋಗುತ್ತಿದ್ದರು.

ಕೊನೆಗೆ ನಾನು ರೇಗಿದೆ. “ಅಪ್ಪ, ಮಾರಾಕ ಮನಸಿಲ್ಲಂದ್ರ ಬಾಯಿಬಿಟ್ಟು ಹೇಳು. ಹಿಂಗ ಎದ್ದು ಹೋದ್ರ ಏನರ್ಥ?”

“ಮನಸೈತವ್ವ. ಆದ್ರ ಮನಿಯೊಳಗ ಕುಂತು ಮನಿ ಬೆಲಿ ಕೂಗ್ತೀಯಲ್ಲ, ನನಗ ಕುಂದ್ರಾಕ ಆಗಂಗಿಲ್ಲ.” ಅಪ್ಪ ಕಂಬದ ಮೇಲೆ ಕೈಯಿಟ್ಟ. “ಎತ್ತಿನ ಮುಂದ ನಾವು ಬೆಲಿ ಆಡ್ತಿದ್ದಿಲ್ಲ. ಇಷ್ಟ ದಿನ ಸಾಕಿದಾವ ನನ್ನ ಎಷ್ಟಕ್ಕ ಕೊಟ್ಟ ಅನ್ನೂದು ಅದಕ್ಕ ತಿಳೀಬಾರದು. ಟವಲ್ಲು ಹಾಕಿದ್ದು ಮಂದಿಗೆ ಮುಚ್ಚಾಕಲ್ಲ, ಎತ್ತಿಗೆ ಮುಚ್ಚಾಕ.”

ಮನೆಗೆ ಕಿವಿ ಇರುತ್ತದೆಯೇ ಎಂದು ಕೇಳಬೇಕೆಂದಿದ್ದೆ. ಹಾಗೆ ನೋಡಿದರೆ ನಾನೂ ಒಳ್ಳೆಯ ಮಾರಾಟಗಾರ್ತಿಯೇನಲ್ಲ. ಮುಂದಿನ ವಾರ ಬ್ಯಾಂಕಿನ ಗುಮಾಸ್ತರು ಹೆಂಡತಿಯ ಜೊತೆ ಬಂದರು. ಆಕೆ ಗೋದಲಿ ನೋಡಿ ಮೂಗು ಮುಚ್ಚಿಕೊಂಡು, ಮೊದಲು ಇದನ್ನು ಒಡೆಸಬೇಕು ಅಂದಳು. ಅದರ ಹತ್ತಿರ ದನ ನಿಂತು ಎಷ್ಟೋ ವರ್ಷವಾಗಿತ್ತು, ಯಾವ ವಾಸನೆಯೂ ಇರಲಿಲ್ಲ. “ಒಡೆಸೋದಾದರೆ ಬೇರೆ ಮನೆ ನೋಡಿಕೊಳ್ಳಿ,” ಅಂದೆ, ಕ್ಲಾಸಿನಲ್ಲಿ ಗದರಿಸುವ ದನಿಯಲ್ಲೇ. ಅವರು ಹೋದ ಮೇಲೆ ಬಾಗಿಲಲ್ಲಿ ಲೂನಾ ನಿಂತಿತು. ಹುಲುಗಣ್ಣ ಬೋರ್ಡಿಗೊಂದು ನಮಸ್ಕಾರ ಮಾಡಿ, ಒಳಗೆ ಕಾಲಿಡದೆ, “ಟೀಚರಮ್ಮ, ಮಾರೋರು ಮಾತಾಡಬಾರದ್ರಿ. ಅದಕ್ಕ ನಾವಿರೂದು,” ಎಂದು ಹೇಳಿ ಹೋದ.

ಯುಗಾದಿಗೆ ಹನ್ನೆರಡು ದಿನ ಉಳಿದಿದ್ದಾಗ, ಒಂದು ಆದಿತ್ಯವಾರ ಬೆಳಿಗ್ಗೆ ಹೊನ್ನೂರಮ್ಮ ಬಂದಳು. ಹಂಪಸಾಗರದ ಕಡೆಯವಳು, ಗಂಡ ಇಲ್ಲ, ಬಸ್ ಸ್ಟ್ಯಾಂಡಿನ ಪಕ್ಕ ಮಂಡಕ್ಕಿ ಮಿರ್ಚಿ ಅಂಗಡಿ ಇಟ್ಟುಕೊಂಡಿದ್ದಳು. ಬಸ್ಸು ತಡವಾದ ದಿನ ನಾನೂ ಅವಳ ಗಿರಾಕಿಯೇ.

“ಟೀಚರಮ್ಮ, ಬೋರ್ಡಿನಾಗ ಏನು ಬರ್ದೈತೋ ನನಗ ಗೊತ್ತಿಲ್ಲ. ಮನಿ ಕೊಡ್ತೀರಂತ ಕೇಳಿ ಬಂದೀನಿ,” ಅಂದಳು.

ಅವಳು ಗೋಡೆ ಕುಟ್ಟಲಿಲ್ಲ. ಒಲೆಯ ಮುಂದೆ ಕೂತು ತಲೆಯೆತ್ತಿ ಬೆಳಕಿಂಡಿ ನೋಡಿದಳು, ಹೊಗೆ ಯಾವ ದಾರಿ ಹಿಡಿಯುತ್ತದೆ ಎಂದು ಕೇಳಿದಳು. ಆಮೇಲೆ, “ಮಾಳಿಗಿ ಎಲ್ಲಿ ಸೋರತೈತ್ರಿ?” ಅಂದಳು. ಸೋರುತ್ತದೆಯೇ ಎಂದಲ್ಲ, ಎಲ್ಲಿ ಎಂದು. ಮೂಲೆ ತೋರಿಸಿದೆ. “ಒಂದ ಕಡಿ ಆದ್ರ ಚಲೋ ಆತು ಬಿಡ್ರಿ.” ಮೆಟ್ಟಿಲಿಳಿದು ಗೋದಲಿಯ ಕಲ್ಲಿನ ಮೇಲೆ ಕೈಯಾಡಿಸಿದಳು. “ಇದು ಹಿಂಗ ಇರ್ಲಿ. ನಂದೊಂದು ಎಮ್ಮಿ ಐತಿ.”

ಅಪ್ಪ ಎಲೆ ಅಗಿಯುವುದನ್ನು ನಿಲ್ಲಿಸಿದ. ನನಗೂ ಈ ಮನೆ ಕೊಡುವುದಾದರೆ ಇವಳಿಗೇ ಕೊಡಬೇಕು ಅನ್ನಿಸಿತು. ಬೆಲೆ ಹೇಳಲು ಬಾಯಿ ತೆರೆದೆ. ಹೊನ್ನೂರಮ್ಮ ಕೈ ಅಡ್ಡ ಹಿಡಿದಳು.

“ಬಾಯಾಗ ಬ್ಯಾಡ್ರಿ. ನಮ್ಮಪ್ಪ ಎಮ್ಮಿ ವ್ಯಾಪಾರಕ್ಕ ನನ್ನ ಸಂತಿಗೆ ಕರ್ಕೊಂಡು ಹೋಗ್ತಿದ್ದ, ನನಗೂ ತಿಳೀತೈತಿ. ಏಕಾಂತಪ್ಪಣ್ಣ, ನಿಮ್ಮ ಟವಲ್ಲು ಎಲ್ಲೈತಿ?”

ಅಪ್ಪನ ಮುಖ ಎಷ್ಟು ಅರಳಿತೆಂದರೆ, ಅವ್ವ ಹೋದ ಮೇಲೆ ಅಂಥ ಮುಖ ನಾನು ನೋಡಿರಲಿಲ್ಲ. ಹೆಗಲ ಮೇಲಿನ ಟವಲ್ಲು ತೆಗೆದು, ಕೊಡವಿ, ಕೈಯ ಮೇಲೆ ಹಾಸಿಕೊಂಡು ಒಂದು ಹೆಜ್ಜೆ ಮುಂದೆ ಬಂದ. ಬಂದವನು ಅಲ್ಲಿಯೇ ನಿಂತ. ಚಾಚಿದ ಕೈ ಹಿಂದಕ್ಕೆ ಹೋಯಿತು.

“ಹೆಣ್ಮಗಳ ಕೈ ನಾ ಹೆಂಗ ಹಿಡೀಲಿ ತಂಗಿ?” ಅಂದ. “ಅದೂ ಅಲ್ಲದ ಮಾಲಕ ನಾನ. ಮಾಲಕ ದಲ್ಲಾಳಿ ಆಗಾಕ ಬರಂಗಿಲ್ಲ. ನಡುವ ಒಬ್ರು ಬೇಕು.”

ಇಬ್ಬರೂ ನನ್ನ ಕಡೆ ನೋಡಿದರು.

“ನನಗ ಬರಂಗಿಲ್ಲ,” ಅಂದೆ. ಸುಳ್ಳು.

“ಬರತೈತಿ. ಕೈ ಮರಿಯಂಗಿಲ್ಲ,” ಅಂದ ಅಪ್ಪ.

ಹಾಗೆ, ದಲ್ಲಾಳಿಗಳು ಬರಬಾರದು ಎಂದು ಬರೆದ ಕೈಯನ್ನೇ ಟವಲ್ಲಿನ ಕೆಳಗೆ ಇಟ್ಟೆ. ಪಡಸಾಲೆಯಲ್ಲಿ ಚಾಪೆಯ ಮೇಲೆ ನಡುವೆ ನಾನು, ಬಲಕ್ಕೆ ಅಪ್ಪ, ಎಡಕ್ಕೆ ಹೊನ್ನೂರಮ್ಮ. ಒಂದೇ ಟವಲ್ಲು ನನ್ನ ಎರಡೂ ಕೈ ಮುಚ್ಚಿತ್ತು. ಒಂದು ಬೆರಳೆಂದರೆ ಎಷ್ಟು ಎನ್ನುವುದು ನಮ್ಮ ಮೂವರಿಗೆ ಗೊತ್ತಿತ್ತು. ಇಲ್ಲಿ ಬರೆಯುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಕೂಡ್ಲಿಗಿಯ ಮನೆಗೆ ನಾಲ್ಕು ಬೆರಳು ಬೇಕಿತ್ತು ಎಂದು ತಿಳಿದರೆ ಸಾಕು.

ಅಪ್ಪ ನಾಲ್ಕೂ ಬೆರಳು ಹಿಡಿದ. ನಾನು ಎಡಗೈಯಲ್ಲಿ ಹೊನ್ನೂರಮ್ಮನಿಗೆ ನಾಲ್ಕು ದಾಟಿಸಿದೆ. ಅವಳ ಬೆರಳ ತುದಿಗಳು ಬಿಸಿ ಎಣ್ಣೆಗೆ ಸುಟ್ಟು ಸುಟ್ಟು ಗಟ್ಟಿಯಾಗಿದ್ದವು. ಎರಡು ಹಿಡಿದಳು. ಅಪ್ಪ ಮತ್ತೆ ನಾಲ್ಕು. ಅವಳು ಮೂರು. ಹೊರಗೆ ಯಾರೋ ನೀರಿನ ಕೊಡ ತೊಳೆಯುವ ಸದ್ದು ಕೇಳುತ್ತಿತ್ತು. ಅಪ್ಪ ಮತ್ತೆ ನಾಲ್ಕೇ ಹಿಡಿದ. ಹೊನ್ನೂರಮ್ಮ ಗೋದಲಿಯ ಕಡೆ ಒಮ್ಮೆ ನೋಡಿದಳು, ಮೂರು ಬೆರಳು ಹಿಡಿದು ನಾಲ್ಕನೆಯದರ ಗೆಣ್ಣು ಒತ್ತಿದಳು. ಒತ್ತಿ ಬಿಟ್ಟ ರೀತಿಯಲ್ಲೇ ತಿಳಿಯಿತು, ಇನ್ನು ಅವಳ ಹತ್ತಿರ ಇಲ್ಲ.

ಮೂರೂವರೆಯನ್ನು ಅಪ್ಪನ ಕೈಗೆ ದಾಟಿಸಿದೆ. ಅರ್ಧ ಬೆರಳು ಕಡಿಮೆ, ಅದನ್ನು ಹೇಗಾದರೂ ಹೊಂದಿಸಬಹುದು. ಅಪ್ಪ ಅಷ್ಟನ್ನೇ ತಿರುಗಿ ಒತ್ತಿದರೆ ಮುಗಿಯಿತು.

ಅಪ್ಪನ ಕೈ ಒತ್ತಲಿಲ್ಲ. ನಡುಗಿತು.

ಮೊದಲು ಸ್ವಲ್ಪ, ಆಮೇಲೆ ಮೊಣಕೈವರೆಗೆ. ಟವಲ್ಲಿನ ಹೊರಗೆ ಅವನ ಮುಖದಲ್ಲಿ ಏನೂ ಇರಲಿಲ್ಲ, ಸಂತೆಯಲ್ಲಿ ನಿಂತ ಮುಖವೇ. ಹೊನ್ನೂರಮ್ಮನಿಗೆ ಗೊತ್ತಾಗಲಿಲ್ಲ, ಬೀದಿಯಲ್ಲಿ ಹೋಗುವವರಿಗಂತೂ ಗೊತ್ತಾಗುವುದೇ ಇಲ್ಲ. ಗೊತ್ತಾದದ್ದು ನನಗೊಬ್ಬಳಿಗೆ. ನಾನೇ ಆ ಬೆರಳುಗಳನ್ನು ಮಡಚಿ, “ಆತು” ಅಂದುಬಿಟ್ಟಿದ್ದರೆ ಆಗಿಹೋಗುತ್ತಿತ್ತು, ಅಪ್ಪ ಒಂದು ಮಾತೂ ಆಡುತ್ತಿರಲಿಲ್ಲ. ನಾಲ್ಕು ವರ್ಷದ ಬಸ್ಸು ಕಣ್ಣ ಮುಂದೆ ಬಂತು, ಕೊಟ್ಟ ಮುಂಗಡ ಬಂತು, ಸ್ಕೂಲಿನ ಹಿಂದಿನ ಆ ಎರಡು ಕೋಣೆ ಬಂದವು. ಮಡಚಬೇಕೆಂದು ನನಗೆ ಎಷ್ಟು ಆಸೆಯಾಯಿತೆಂದು ಈಗ ಹೇಳಲು ನಾಚಿಕೆಯಾಗುತ್ತದೆ.

ಟವಲ್ಲು ತೆಗೆದೆ. “ಹೊನ್ನೂರಮ್ಮ, ತಪ್ಪು ತಿಳೀಬ್ಯಾಡ್ರಿ. ಈ ವ್ಯಾಪಾರ ಆಗಂಗಿಲ್ಲ,” ಎಂದು ಎದ್ದು ನಿಂತೆ.

“ಯಾಕವ್ವ?” ಅಂದ ಅಪ್ಪ.

“ಯಾಕಂತ ನಿನಗ ಗೊತ್ತೈತಿ. ಕೊಡಾವನ ಕೈ ನಡುಗಿದ್ರ ಮುರೀಬೇಕು ಅಂದಾವ ನೀನ. ಮನಿ ಇರ್ಲಿ. ನಾ ಬಸ್ಸಿಗೆ ಅಡ್ಡಾಡ್ತೀನಿ.”

ಅಪ್ಪ ಚಾಪೆಯ ಮೇಲೆ ಬಿದ್ದಿದ್ದ ಟವಲ್ಲನ್ನು ನೋಡುತ್ತ ಕೂತ. ಆಮೇಲೆ ಅದನ್ನೆತ್ತಿ ಮೊಣಕಾಲ ಮೇಲೆ ಹಾಸಿದ.

“ಕುಂದ್ರು. ಮನಿಗೆ ನಡುಗಿದ್ದಲ್ಲ ಅದು.”

“ಮತ್ಯಾಕ?”

“ಐದನೇ ಕ್ಲಾಸಿನಾಗ ಬಿಡಿಸ್ಕೊಂಡು ಹ್ವಾದ ಕೈ,” ಅಂದ. “ಇವತ್ತು ತಿರುಗಿ ಸಿಕ್ತು. ಈಗ ವ್ಯಾಪಾರ ಮುಗದ್ರ ಮತ್ತ ಬಿಡಬೇಕಲ್ಲ ಅಂತ.”

ನನಗೆ ಅಳು ಬಂತು. ಮೂವತ್ತನಾಲ್ಕು ವರ್ಷದ ಹೆಂಗಸು, ಇಡೀ ಸ್ಕೂಲನ್ನು ಕಣ್ಣಲ್ಲೇ ಹೆದರಿಸುವವಳು, ಮಿರ್ಚಿ ಮಾರುವವಳ ಎದುರಿಗೆ ಮೂಗು ಒರೆಸಿಕೊಳ್ಳುತ್ತ ನಿಂತೆ. ಹೊನ್ನೂರಮ್ಮ ದೊಡ್ಡ ಮನಸ್ಸಿನವಳು, ಎದ್ದು ಹೋಗಿ ಗೋದಲಿಯ ಹತ್ತಿರ ಎಮ್ಮೆಯನ್ನು ಎಲ್ಲಿ ಕಟ್ಟಬೇಕೆಂದು ನೋಡತೊಡಗಿದಳು.

ಕೂತೆ. ಅಪ್ಪನ ಕೈ ಹಿಡಿದೆ. ಅವತ್ತು ಕ್ಲಾಸಿನಲ್ಲಿ ಏನಾಯಿತು, ಯಾಕೆ ಕೈ ಬಿಡಿಸಿಕೊಂಡೆ, ಎಲ್ಲ ಹೇಳಲು ಹೊರಟೆ. ಅಪ್ಪ ಗೊತ್ತೆಂದು ತಲೆಯಾಡಿಸಿದ. ಮಾಸ್ತರು ಮರುದಿನವೇ ಸಂತೆಯಲ್ಲಿ ನಗುತ್ತ ಹೇಳಿದ್ದರಂತೆ. ಇಪ್ಪತ್ತನಾಲ್ಕು ವರ್ಷ ಅಪ್ಪನಿಗೆ ಗೊತ್ತಿತ್ತು.

“ಈಗ ನೋಡು,” ಅಂದ. ಮೂರು ಬೆರಳು ಹಿಡಿದ, ನಾಲ್ಕನೆಯದರ ಗೆಣ್ಣು ಒತ್ತಿದ. ಒಂದಿಷ್ಟೂ ನಡುಗಲಿಲ್ಲ.

“ಹೊನ್ನೂರಮ್ಮ, ಆತು ಬರ್ರಿ,” ಎಂದು ಕರೆದೆ.

ಉಳಿದ ಅರ್ಧ ಬೆರಳಿಗೆ ನನ್ನ ಎರಡು ಬಳೆ ಹೋದವು. ಅವು ಇದ್ದರೂ ನಾನೇನು ಹಾಕಿಕೊಳ್ಳುತ್ತಿರಲಿಲ್ಲ. ಯುಗಾದಿಯ ಬೇವು ಬೆಲ್ಲವನ್ನು ಕೂಡ್ಲಿಗಿಯಲ್ಲೇ ತಿಂದೆವು.

ಅವತ್ತು ಹೊನ್ನೂರಮ್ಮ ಹೊರಡುವ ಮುಂಚೆ ಸೆರಗಿನ ಗಂಟು ಬಿಚ್ಚಿ ನನ್ನ ಕೈಯಲ್ಲಿ ಐದು ರೂಪಾಯಿ ಇಟ್ಟಳು. ಏನಿದು ಎಂದು ಹಿಂದಕ್ಕೆ ಕೊಡಲು ಹೋದೆ. ಅಪ್ಪ ತಡೆದ. “ಅದು ದಲ್ಲಾಳಿ ಹಕ್ಕು. ಬ್ಯಾಡ ಅಂದ್ರ ಕಸಬಿಗೆ ಅವಮಾನ.” ತಾನೂ ಅಂಗಿಯ ಜೇಬು ತಡಕಿದ. ಸುಣ್ಣದ ಡಬ್ಬಿ ಬಿಟ್ಟರೆ ಏನೂ ಸಿಗಲಿಲ್ಲ. ಟವಲ್ಲನ್ನು ನಾಲ್ಕು ಮಡಿಕೆ ಮಾಡಿ ನನ್ನ ಮಡಿಲಿಗೆ ಹಾಕಿದ. ಎರಡೂ ಕಡೆಯಿಂದ ತೆಗೆದುಕೊಂಡೆ.

ಹೊನ್ನೂರಮ್ಮ ಹೋದ ಮೇಲೆ ಸ್ಟೂಲು ಹಾಕಿಕೊಂಡು ಬೋರ್ಡು ಬಿಚ್ಚಲು ಹೊರಟೆ. ಅಪ್ಪ ಕಟ್ಟೆಯ ಮೇಲೆ ತನ್ನ ಜಾಗದಲ್ಲಿ ಕೂತು ಹೊಸ ಎಲೆ ಒರೆಸುತ್ತಿದ್ದ.

“ಇರ್ಲಿ ಬಿಡವ್ವ,” ಅಂದ. “ಈಗ ಇಬ್ರಾದ್ವಿ. ಹೊರಗ ಮಲಗಾಕ ನನಗೂ ಜೊತಿ ಆತು.”